ಮೈಸೂರು ಸರಿ, ಆಮೇಲೆ?

ಮನೆಮಂದಿಯೆಲ್ಲ ದಸರಾ ರಜೆಗೆ ಬೆಂಗಳೂರಿನಿಂದ ಹೊರಡುವಾಗ ಮೊದಲನೇ ಊರಿಗೆ ತಕರಾರಿಲ್ಲ. ಮೈಸೂರು ಅಂದರೆ ಅತ್ತೆಯವರಿಗೂ ಒಪ್ಪಿಗೆ, ಮಕ್ಕಳಿಗೂ ಒಪ್ಪಿಗೆ. ರಾಮಾಯಣ ಶುರುವಾಗುವುದು ‘ಅಷ್ಟು ದೂರ ಹೋಗಿ ಅದೊಂದೇ ನೋಡ್ಕೊಂಡು ಬರೋದಾ?’ ಎಂದು ಯಾರೋ ಬಾಯಿಬಿಟ್ಟಾಗ.

ಮಕ್ಕಳದು ಊಟಿ. 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಪುಟ್ಟ ರೈಲು ಬೇಕಂತೆ. ಅದು ಹಲ್ಲುಚಕ್ರ ಕಚ್ಚಿಕೊಂಡು ಬೆಟ್ಟ ಏರುವುದು ಮೆಟ್ಟುಪಾಳ್ಯಂ–ಕೂನೂರು ನಡುವೆ, ನಾವು ಹೋಗುವ ದಾರಿಯಲ್ಲಲ್ಲ ಎಂದರೆ ಕೇಳುವವರು ಯಾರು? ಮಸಿನಗುಡಿ ಕಡೆಯಿಂದ ಏರಿದರೆ 36 ಹೇರ್‌ಪಿನ್ ತಿರುವು. ಆ ಸಂಖ್ಯೆ ಕೇಳಿಯೇ ನಾದಿನಿ ನಿಂಬೆಹಣ್ಣು ಹುಡುಕಿದಳು. ಸಾಲದ್ದಕ್ಕೆ ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಏಳಕ್ಕೆ ಹೊರಡೋಣ ಎಂದರೆ ಒಂಬತ್ತಕ್ಕೆ ಸ್ನಾನದ ಸರದಿ ಹಚ್ಚುವ ನಮ್ಮವರಿಗೆ ಕಾಡಿನ ಈ ಶಿಸ್ತು ಒಗ್ಗುವುದುಂಟೆ?

ಭಾವನವರದು ಮಡಿಕೇರಿ. ಹುಣಸೂರು, ಕುಶಾಲನಗರ ದಾಟಿ ಸುಮಾರು 120 ಕಿ.ಮೀ. ವಿಜಯದಶಮಿಯ ರಾತ್ರಿ ಅಲ್ಲಿ ದಶಮಂಟಪಗಳ ಮೆರವಣಿಗೆ, ಬೆಳಗಿನವರೆಗೆ. ‘ಹಗಲು ಜಂಬೂಸವಾರಿ, ರಾತ್ರಿ ದಶಮಂಟಪ. ನಿದ್ದೆ ಯಾವ ಊರಲ್ಲಪ್ಪಾ?’ ಎಂದರು ಮಾವನವರು. ಪ್ರಶ್ನೆ ನ್ಯಾಯವಾದದ್ದೇ.

ಕೊನೆಗೆ ಅತ್ತೆಯವರ ತೀರ್ಪು: ಶ್ರೀರಂಗಪಟ್ಟಣ. ದೇವರ ದರ್ಶನವೂ ಆಯಿತು, ಲಗೇಜು ಇಳಿಸುವ ಗೋಜೂ ಇಲ್ಲ. ಅಲ್ಲಿ ರಂಗನಾಥಸ್ವಾಮಿ ಆದಿಶೇಷನ ಮೇಲೆ ಆರಾಮವಾಗಿ ಒರಗಿದ್ದಾನೆ. ರಜೆ ಕಳೆಯುವುದು ಹೇಗೆಂದು ಬಲ್ಲವನು ಅವನೊಬ್ಬನೇ. ಮಕ್ಕಳು ಮಾತ್ರ ‘ಅದು ಇನ್ನೊಂದು ಊರಲ್ಲ, ಮೈಸೂರಿಗೆ ಹೋಗೋ ದಾರಿ!’ ಎಂದು ಮುಖ ಊದಿಸಿಕೊಂಡಿದ್ದಾರೆ.