ಇನ್ನಾ ನಡೀಲಕತ್ತದಲ್ರೀ!

ತುರೋರಿ, ಉಮರ್ಗಾ ಸೀಮೆಯ ಸಾವಕಾರರು ಹಲ್ಲು ನೋಡಿ ಎತ್ತಿನ ವಯಸ್ಸು ಹೇಳಬಲ್ಲರು. ಆದರೆ ಅಂಗಡಿಯ ಹಳೇ ಕಂಪ್ಯೂಟರ್ ಸರ್ವರ್‌ಗೆ ಹಲ್ಲೆಲ್ಲಿ? "ಇನ್ನಾ ನಡೀಲಕತ್ತದಲ್ರೀ, ಯಾಕ ಬದಲಿ ಮಾಡ್ಬೇಕು?" ಅಂತಾರೆ. ಅದರ ಹಣೆಗೆ ದೀಪಾವಳಿಯ ಕುಂಕುಮ, ಫ್ಯಾನಿಗೆ ತೊಗರಿಯ ಧೂಳು, ಬ್ಯಾಟರಿ ಸತ್ತ ಯುಪಿಎಸ್ಸಿನ ಆಸರೆ.

ಕಂಪನಿಯವರ ವಾರಂಟಿ ಸಾಮಾನ್ಯವಾಗಿ 3ರಿಂದ 5 ವರ್ಷ. ಆಮೇಲೆ ಡಿಸ್ಕು, ಫ್ಯಾನು, ಪವರ್ ಸಪ್ಲೈ ಒಂದೊಂದಾಗಿ ಮುನಿಸಿಕೊಳ್ಳುತ್ತವೆ. ರಿಪೇರಿ ಖರ್ಚಿಗೆ ವ್ಯಾಪಾರ ನಿಂತ ದಿನದ ನಷ್ಟ ಕೂಡಿಸಿದರೆ ಹೊಸದೇ ಅಗ್ಗ. ವಿಂಡೋಸ್ ಸರ್ವರ್ 2012ರ ವಿಸ್ತರಿತ ಬೆಂಬಲಕ್ಕೆ ಮೈಕ್ರೋಸಾಫ್ಟ್ 2023ರ ಅಕ್ಟೋಬರ್ 10ರಂದೇ ಎಳ್ಳುನೀರು ಬಿಟ್ಟಿತು. ನಮ್ಮ ಸಾವಕಾರರು ಬಿಟ್ಟಿಲ್ಲ.

"ಹೋಗ್ಲಿ, ಬ್ಯಾಕಪ್ ಎಲ್ಲಿಟ್ಟೀರಿ ಸಾವಕಾರ್ರೇ?"

"ಮತ್ತೆಲ್ಲಿ ಇಡ್ಲಿ? ಅದರಾಗೇ ಭದ್ರ ಅದ!"