ರೋಗಿ: ಬಳಸುವ ಮುನ್ನ ಓದಿ

ಹೊಸ ಡಾಕ್ಟರಿಗೆ ಅಭಿನಂದನೆ. ಎದುರಿನ ಸ್ಟೂಲಿನ ಮೇಲೆ ಕುಳಿತಿರುವುದು ರೋಗಿ, ಕರ್ನಾಟಕ ಮಾದರಿ. ಜೊತೆಗೆ ಬಂದಿರುವ ಬಿಡಿಭಾಗಗಳು: ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಚೀಟಿಗಳು, ಸುರುಳಿ ಸುತ್ತಿದ ಒಂದು ಎಕ್ಸ್‌ರೇ, ಒಬ್ಬ ಮಗ. ಮಗನನ್ನು ಕೇಳಿದರೆ ಕೆಲಸ ಬೇಗ ಮುಗಿಯುತ್ತದೆ. ಕೇಳಬೇಡಿ.

ಮೊದಲು ಎಲ್ಲಿ ನೋವು ಎಂದು ವಿಚಾರಿಸಿ. ಉತ್ತರ ಬರುತ್ತದೆ, ಆದರೆ ಅದು ಯಾವ ಊರಿನ ಮಾತು ಎಂಬುದಕ್ಕೆ ತಯಾರಕರು ಹೊಣೆಯಲ್ಲ. ಧಾರವಾಡದ ಕಡೆಯವರು 'ಹೊಟ್ಟಿ ಕಡೀತೈತಿ' ಎಂದರೆ ತುರಿಕೆ ಮುಲಾಮು ಬರೆಯಬೇಡಿ, ನೋವು ಒಳಗಿದೆ. ಮಂಗಳೂರಿನ ಅಜ್ಜಿ 'ಬಂಜಿ ಬೇನೆ' ಎಂದರೆ ಗಾಬರಿಯಾಗಿ ಮಕ್ಕಳೆಷ್ಟು ಎಂದು ಕೇಳಬೇಡಿ. ತುಳುವಿನಲ್ಲಿ ಬಂಜಿ ಎಂದರೆ ಹೊಟ್ಟೆ. ಇನ್ನು 'ಸಂಕಟ'. ಕೇರಳದಿಂದ ಬಂದ ಸಿಸ್ಟರಿಗೆ ಈ ಪದ ಮೊದಲೇ ಗೊತ್ತು, ಅದೇ ತೊಂದರೆ. ಮಲಯಾಳದಲ್ಲಿ ಸಂಕಡಂ ಎಂದರೆ ದುಃಖ. ಒಮ್ಮೆ ನಮ್ಮ ಪಕ್ಕದ ಬೆಡ್ಡಿನ ತಾತ "ಎದೆ ಸಂಕಟ ಕಣವ್ವಾ" ಎಂದಾಗ ಆ ಹುಡುಗಿ ಪಾಪ, ಹತ್ತಿರ ಕೂತು ಕೈ ಸವರಿ ಸಮಾಧಾನ ಮಾಡಿದಳು. ತಾತನಿಗೆ ಹಿತವಾಯಿತು. ಇಸಿಜಿ ಮಾತ್ರ ತಡವಾಯಿತು.

ನೋವಿನ ಅಳತೆ 0ಯಿಂದ 10 ಎಂದು ನಿಮಗೆ ಕಲಿಸಿದ್ದಾರೆ. ಗೋಡೆಯ ಮೇಲೆ ನಗುಮುಖದಿಂದ ಅಳುಮುಖದವರೆಗೆ ಆರು ಮುಖಗಳ ಪಟವೂ ಇದೆ. ನಮ್ಮ ಹಿರಿಯರು ಅದನ್ನು ನೋಡಿ ಯಾರಪ್ಪಾ ಇವರೆಲ್ಲ ಎನ್ನುತ್ತಾರೆ. ಅವರ ಲೆಕ್ಕ ಆಣೆಯದು. 'ಹನ್ನೆರಡಾಣೆ ವಾಸಿ' ಎಂದರೆ ಹದಿನಾರರಲ್ಲಿ ನಾಲ್ಕು ಉಳಿದಿದೆ, ನಿಮ್ಮ ಹತ್ತರಲ್ಲಿ ಎರಡೂವರೆ. 1957ರಲ್ಲಿ ದೇಶ ಆಣೆಯನ್ನು ಕೈಬಿಟ್ಟಿತು, ಮಂಡಿನೋವು ಬಿಟ್ಟಿಲ್ಲ.

ರೋಗಿ ಹೆಂಗಸಾದರೆ ಮಗನನ್ನು ಟೀ ಕುಡಿಯಲು ಕಳಿಸಿ. ಅವನೆದುರು ಆಕೆಗೆ ಸೊಂಟದ ಕೆಳಗೆ, ಮಂಡಿಯ ಮೇಲೆ ಯಾವ ಅಂಗವೂ ಇರುವುದಿಲ್ಲ. ಮಾತ್ರೆ 'ಊಟವಾದ ಮೇಲೆ' ಎಂದು ಬರೆದಿರೋ, ಶನಿವಾರ ಒಪ್ಪತ್ತು ಮಾಡುವವರು ರಾತ್ರಿಯದನ್ನು ನುಂಗುವುದಿಲ್ಲ. ಊಟವೇ ಇಲ್ಲವಲ್ಲ!

ಕಿವಿ ಕೇಳದ ಮಾದರಿಗೆ ಧ್ವನಿ ಏರಿಸುವ ಗುಂಡಿ ಇಲ್ಲ. ಕೂಗಬೇಡಿ. ಎದುರು ಕೂತು ಮಾಸ್ಕ್ ಇಳಿಸಿ, ಅರ್ಧ ಮಾತು ತುಟಿಯಲ್ಲೇ ಇದೆ. ಸಂಜ್ಞೆ ಭಾಷೆ ಬಲ್ಲವರನ್ನು ಕರೆಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಅಡೆತಡೆಯಿಲ್ಲದೆ ತೆರೆದಿರಬೇಕು ಎನ್ನುತ್ತದೆ. ಸಂವಹನ ಎಂದರೆ ಸಂಜ್ಞೆ, ಬ್ರೈಲ್, ದಪ್ಪಕ್ಷರ ಎಲ್ಲವೂ ಸೇರಿದ್ದು ಎಂದೂ ಬಿಡಿಸಿ ಹೇಳಿದೆ. ನಮ್ಮ ಆಡಳಿತ ಮಂಡಳಿಗಳು ಇಷ್ಟನ್ನೂ ಓದಿ ಬಾಗಿಲಲ್ಲಿ ಒಂದು ರ‍್ಯಾಂಪ್ ಕಟ್ಟಿಸಿವೆ.

ನಾನೂ ಒಮ್ಮೆ ಬಿಡಿಭಾಗವಾಗಿ ಹೋಗಿದ್ದೆ. ನಮ್ಮ ಚಿಕ್ಕಮ್ಮನಿಗೆ ಕಿವಿ ಕೇಳುವುದಿಲ್ಲ. ಡಾಕ್ಟರು ಎಲ್ಲ ಪ್ರಶ್ನೆಯನ್ನೂ ನನಗೇ ಹಾಕಿದರು, ನಾನೂ ಹೆತ್ತವನಂತೆ ಉತ್ತರ ಕೊಟ್ಟೆ. ಎರಡು ತಿಂಗಳಿಂದ ಬೆನ್ನುನೋವು, ನಿದ್ದೆ ಪರವಾಗಿಲ್ಲ, ಹಸಿವು ಚೆನ್ನಾಗಿದೆ. ಚಿಕ್ಕಮ್ಮ ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಮೇಜಿನ ಪೆನ್ನು ತೆಗೆದುಕೊಂಡು ಟೋಕನ್ ಚೀಟಿಯ ಹಿಂದೆ ಏನೋ ಬರೆದು ಡಾಕ್ಟರ ಮುಂದಿಟ್ಟಳು. ಅವರಿಗೆ ಕನ್ನಡ ಓದಲು ಬರದು. ನಾನೇ ಓದಿ ಹೇಳಬೇಕಾಯಿತು:

"ಎರಡು ತಿಂಗಳಲ್ಲ, ಎರಡು ವರ್ಷ. ಇವನಿಗೇನು ಗೊತ್ತು, ಬೆಂಗಳೂರಲ್ಲಿರ್ತಾನೆ."