ಹೊರಡದ ನೆಂಟರು

ಡೆಬಿಯನ್ ಲಿನಕ್ಸಿನಲ್ಲಿ ಒಂದು ತಂತ್ರಾಂಶವನ್ನು ಕಿತ್ತರೂ ಅದರ ಜೊತೆ ಬಂದ ಪರಿವಾರ, ಮದುವೆ ಮುಗಿದರೂ ಹೊರಡದ ನೆಂಟರಂತೆ, ಡಿಸ್ಕಿನಲ್ಲೇ ಮಲಗಿರುತ್ತದೆ. ಅವರನ್ನು ಬಸ್ಸು ಹತ್ತಿಸಲು ‘ಆಪ್ಟ್ ಆಟೋರಿಮೂವ್’ ಎಂಬ ಆಜ್ಞೆ ಇದೆ. ಆದರೆ ಅದಕ್ಕೆ ಗೊತ್ತಿರುವುದು ಯಾರು ಯಾರನ್ನು ಕರೆತಂದರು ಎಂಬ ಲೆಕ್ಕ ಮಾತ್ರ. ನಮಗೆ ಯಾರು ಬೇಕೆಂಬುದಲ್ಲ. ‘ಫಾಂಟ್ಸ್-ಕೆಎನ್‌ಡಿಎ’ ನೋಡಿ: ತಾನು ಖಾಲಿ ಪೊಟ್ಟಣ, ಆದರೆ ಲೋಹಿತ್, ಗುಬ್ಬಿಯಂಥ ಕನ್ನಡ ಫಾಂಟ್‌ಗಳನ್ನು ಕರೆತರುವುದು ಅದೇ. ಖಾಲಿಯೆಂದು ತೆಗೆದರೆ ಹಿಂದೆಯೇ ಗುಬ್ಬಿಯೂ ಹಾರಿಹೋದೀತು; ಬೇರೆ ಕನ್ನಡ ಫಾಂಟ್ ಇಲ್ಲದಿದ್ದರೆ ರಾಮಗಿರಿಯ ದೇವರು ಕರಿಸಿದ್ಧೇಶ್ವರನ ಹೆಸರೂ ಪರದೆಯಲ್ಲಿ ಬರೀ ಚೌಕಗಳ ಸಾಲು.

ಏನನ್ನೂ ತೆಗೆಯದಿರುವುದೇ ಕ್ಷೇಮ ಎನ್ನುವವರಿದ್ದಾರೆ. ಹಳೆಯ ಕರ್ನಲ್‌ಗಳು ಬೂಟ್ ವಿಭಾಗ ತುಂಬಿ ಅಪ್‌ಡೇಟನ್ನೇ ತಡೆದಾಗ ಆ ಕ್ಷೇಮ ಮುಗಿಯುತ್ತದೆ. ಬೇಕಾದವನ್ನು ‘ಆಪ್ಟ್-ಮಾರ್ಕ್ ಮ್ಯಾನುಯಲ್’ ಎಂದು ಗುರುತಿಸಿ, ಆಟೋರಿಮೂವ್ ತೋರಿಸುವ ಪಟ್ಟಿ ಓದಿ, ಆಮೇಲೆ ‘ವೈ’ ಒತ್ತಬೇಕು. ಪಟ್ಟಿ ಓದುವವರೇ ಕಡಿಮೆ, ಬಿಡಿ.